ಟ್ರಯಾಂಗಲ್ ಲೇಬಲ್ಲಿನ 500 ತಟ್ಟೆಗಳು

(ಹಳೆಯ ಗ್ರಾಮಫೋನ್ ತಟ್ಟೆಗಳ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1976ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಮೂವರು ಅಣ್ಣತಮ್ಮಂದಿರು ಸ್ವಂತ ಲೇಬಲ್ಲಿನ, ಅಂದರೆ ತಟ್ಟೆ ಹೊರತರುವ ಸಂಸ್ಥೆಯ, ಹೆಸರಿನಲ್ಲಿ ಏಳು ಇಂಚಿನ ಒಂದು ತಟ್ಟೆ ಮಾಡಿಸಿದರು. ಒಂದು ಬದಿಯಲ್ಲಿ ‘ಪಾಲಿಟೀಷಿಯನ್ಸ್ ಇನ್ ಮೈ ಐಸ್’, ಮಗುಚಿದರೆ ‘ಕೀಪ್ ಆನ್ ನಾಕಿಂಗ್’. ಲೇಬಲ್ಲಿನ ಹೆಸರು ಟ್ರಯಾಂಗಲ್, ಬ್ಯಾಂಡಿನ ಹೆಸರು ಡೆತ್, ಮಾಡಿಸಿದ್ದು 500 ಪ್ರತಿ. ರೇಡಿಯೋದವರು ಅದನ್ನು ಮನಸ್ಸಿಟ್ಟು ನುಡಿಸಲಿಲ್ಲ, ಅಂಗಡಿಗಳಲ್ಲಿ ಕೇಳುವವರಿರಲಿಲ್ಲ. ಮುಂದಿನ ಮೂರು ದಶಕಗಳ ಕಾಲ, ಹೀಗೊಂದು ಬ್ಯಾಂಡ್ ಇತ್ತು ಎಂಬುದಕ್ಕೆ ಹೊರಜಗತ್ತಿನಲ್ಲಿ ಉಳಿದ ಪುರಾವೆ ಆ ತಟ್ಟೆ ಮಾತ್ರ.

ಈ ಬ್ಯಾಂಡನ್ನು ಪ್ರೋಟೋಪಂಕ್ ಎಂಬ ಬಗೆಗೆ ಸೇರಿಸುತ್ತಾರೆ, ಆ ಪದ ಇಲ್ಲಿ ಎಲ್ಲರಿಗೂ ಪರಿಚಯವಿರಲಾರದು. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ಪಂಕ್ ಎಂಬ ಹೆಸರು ನೆಲೆಯಾಗುವ ಮೊದಲೇ ಅದೇ ವೇಗ, ಅದೇ ಒರಟುತನ, ಅದೇ ಸಿಟ್ಟಿನಲ್ಲಿ ನುಡಿಸುತ್ತಿದ್ದವರನ್ನು ಆಮೇಲೆ ಬಂದವರು ಹಾಗೆ ಕರೆದರು. ಇವರಲ್ಲಿ ಬಹುತೇಕರು ತಮ್ಮ ಕಾಲದಲ್ಲಿ ಸೋತವರು. ಹಾಗಾಗಿ ಅವರ ತಟ್ಟೆಗಳು ಎರಡೇ ಬಗೆಯವು. ಒಂದು, ಅಂದು ಕೆಲವೇ ನೂರು ಅಚ್ಚಾಗಿ ಚೆದುರಿಹೋದವು. ಇನ್ನೊಂದು, ಬ್ಯಾಂಡ್ ಮುರಿದುಬಿದ್ದ ಎಷ್ಟೋ ವರ್ಷಗಳ ಮೇಲೆ ಬೇರೆ ಯಾರೋ ಹೊರತಂದವು. ಸಂಗ್ರಹಕಾರರು ಮೊದಲನೆಯದಕ್ಕೆ ಜೀವ ಬಿಡುತ್ತಾರೆ, ಎರಡನೆಯದನ್ನು ಕಣ್ಣೆತ್ತಿ ನೋಡುವುದಿಲ್ಲ. ಈ ರೂಢಿ ತಪ್ಪು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಸ್ವಂತ ಕಾಲದಲ್ಲಿ ಬಾಗಿಲು ಮುಚ್ಚಿಸಿಕೊಂಡ ಬ್ಯಾಂಡುಗಳ ಪಾಲಿಗೆ ಮರಣೋತ್ತರವಾಗಿ ಬಂದ ತಟ್ಟೆಯೇ ನಿಜವಾದ ಕೃತಿ. ಅಪರೂಪದ ಮೊದಲ ಅಚ್ಚು ನಮ್ಮನ್ನು ಅಲ್ಲಿಗೆ ತಲುಪಿಸುವ ದಾರಿ. ಡೆತ್ ಬ್ಯಾಂಡಿನ ಕಥೆಯಲ್ಲಿ ಇದು ನಿಚ್ಚಳವಾಗಿ ಕಾಣುವುದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ಮೂವರು ಸಹೋದರರು: ಡೇವಿಡ್, ಡ್ಯಾನಿಸ್, ಬಾಬಿ ಹ್ಯಾಕ್ನಿ. ಡೇವಿಡ್ ಹಿರಿಯ, ಗಿಟಾರ್ ಅವನದು, ಹಾಡುಗಳ ಹಿಂದಿನ ಆಲೋಚನೆಯೂ ಅವನದು. ಡ್ಯಾನಿಸ್ ಡ್ರಮ್ಸ್. ಕಿರಿಯವನಾದ ಬಾಬಿ ಬಾಸ್ ನುಡಿಸುತ್ತ ಹಾಡುತ್ತಿದ್ದ. ತಂದೆ ಬ್ಯಾಪ್ಟಿಸ್ಟ್ ಧರ್ಮಬೋಧಕ. 1964ರ ಫೆಬ್ರವರಿ 9ರಂದು ಟಿವಿಯಲ್ಲಿ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಬೀಟಲ್ಸ್ ಹಾಡುವುದನ್ನು ನೋಡಲು ಮಕ್ಕಳನ್ನು ಕೂರಿಸಿದ್ದು ಅದೇ ತಂದೆ. ಮರುದಿನ ಡೇವಿಡ್‌ಗೆ ಓಣಿಯಲ್ಲಿ ಯಾರೋ ಎಸೆದುಹೋಗಿದ್ದ ಗಿಟಾರ್ ಸಿಕ್ಕಿತು, ಅದರಲ್ಲೇ ಕಲಿಯತೊಡಗಿದ. 1971ರಲ್ಲಿ ರಾಕ್ ಫೈರ್ ಫಂಕ್ ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ ಬ್ಯಾಂಡ್ ಕಟ್ಟಿಕೊಂಡಾಗ ಅವರು ನುಡಿಸುತ್ತಿದ್ದದ್ದು ಕುಣಿತದ ಲಯದ ಫಂಕ್ ಸಂಗೀತ. ಬಿರುಸಿನ ರಾಕ್‌ಗೆ ಹೆಸರಾದ ದ ಹೂ ಮತ್ತು ಆಲಿಸ್ ಕೂಪರ್ ಅವರ ಕಚೇರಿಗಳನ್ನು ನೋಡಿದ ಮೇಲೆ ದಿಕ್ಕು ಬದಲಾಯಿತು. ಅವರ ಕೈಯಲ್ಲಿ ರಾಕ್ ಎಷ್ಟು ಬಿರುಸಾಯಿತೆಂದರೆ, ಆಫ್ರಿಕನ್ ಅಮೆರಿಕನ್ನರೇ ತುಂಬಿದ್ದ ಆ ನೆರೆಹೊರೆಯಲ್ಲಿ ‘ಇದೇನು ಬಿಳಿಯರ ಸಂಗೀತ’ ಎಂಬ ಆಕ್ಷೇಪ ಎದುರಿಸಬೇಕಾಯಿತು. ತಾಯಿ ಮಾತ್ರ ಮನೆಯಲ್ಲೇ ಅಭ್ಯಾಸ ಮಾಡಲು ಒಪ್ಪಿಗೆ ಕೊಟ್ಟರು.

ಡೆಟ್ರಾಯಿಟ್‌ನ ಆಗಿನ ಹವೆಯನ್ನು ಒಂದಿಷ್ಟು ನೆನೆಯಬೇಕು. ಆ ಕಡೆಯ ರಾಕ್ ಬ್ಯಾಂಡುಗಳಾದ ಎಂಸಿ5 ಮತ್ತು ಸ್ಟೂಜಸ್ ಎರಡರ ಮೊದಲ ಆಲ್ಬಂಗಳೂ 1969ರಲ್ಲಿ ಬಂದಿದ್ದವು. ಒರಟು ರಾಕ್ ಆ ಊರಿಗೆ ಹೊಸದಲ್ಲ. ಆದರೆ ಅದು ಬಿಳಿಯ ಹುಡುಗರದು ಎಂಬ ಗೆರೆ ಬಿದ್ದಿತ್ತು. ಕಪ್ಪು ಸಂಗೀತಗಾರರಿಂದ ಊರು ನಿರೀಕ್ಷಿಸುತ್ತಿದ್ದದ್ದು ಮೋಟೌನ್ ಎಂಬ ಸ್ಥಳೀಯ ರೆಕಾರ್ಡ್ ಕಂಪನಿಯ ಇಂಪಾದ ಸೋಲ್ ಶೈಲಿಯನ್ನು. ಆ ಮೋಟೌನ್ ಕಂಪನಿಯೇ 1972ರಲ್ಲಿ ಲಾಸ್ ಏಂಜಲೀಸಿಗೆ ಬಿಡಾರ ಎತ್ತಿತ್ತು. ಹ್ಯಾಕ್ನಿ ಸಹೋದರರು ಎರಡೂ ಕಡೆಯ ಪಟ್ಟಿಗಳಿಗೆ ಸೇರದವರಾದರು.

ಅಷ್ಟರಲ್ಲಿ ತಂದೆ ಅಪಘಾತದಲ್ಲಿ ತೀರಿಕೊಂಡರು. ಆ ದುಃಖದಿಂದಲೇ ಡೇವಿಡ್ ಬ್ಯಾಂಡಿಗೆ ಡೆತ್ ಎಂದು ಹೆಸರಿಟ್ಟ. ಸಾವು ಎಂದರೆ ಭಯ, ಕತ್ತಲೆ ಎಂಬ ಭಾವನೆಯನ್ನು ತಿರುಗಿಸಿ ಅದನ್ನು ಒಂದು ಪಯಣವಾಗಿ ಕಾಣಿಸಬೇಕು ಎಂಬುದು ಅವನ ಹಂಬಲ. ತ್ರಿಕೋನದ ಲಾಂಛನವೂ ಅವನದೇ. ಆತ್ಮ, ಮನಸ್ಸು, ದೇಹ ಎಂಬ ಮೂರು ಬಿಂದುಗಳು, ಅವುಗಳ ಜೊತೆ ದಾರಿ ತೋರುವ ದೇವರು. ಇದು ಸುಮ್ಮನೆ ಹುಡುಗರ ಹುಚ್ಚಾಟವಲ್ಲ, ಧರ್ಮಬೋಧಕರ ಮನೆಯಲ್ಲಿ ಬೆಳೆದವನು ತಂದೆಯ ಸಾವಿಗೆ ಅರ್ಥ ಹುಡುಕಿದ ಬಗೆ. ಮುಂದೆ ಏನಾಯಿತು ಎಂಬುದು ತಿಳಿಯಬೇಕಾದರೆ ಇದನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು.

1975ರಲ್ಲಿ ಅವರು ಡೆಟ್ರಾಯಿಟ್‌ನ ಯುನೈಟೆಡ್ ಸೌಂಡ್ ಸಿಸ್ಟಮ್ಸ್ ಸ್ಟುಡಿಯೋಗೆ ಹೋದರು. ಮೋಟೌನ್ ಕಥೆ ಶುರುವಾಗುವ ಮಾರ್ವ್ ಜಾನ್ಸನ್‌ನ ‘ಕಮ್ ಟು ಮಿ’ ಧ್ವನಿಮುದ್ರಣಗೊಂಡ ಜಾಗ ಅದು. ಅವರ ಬೆನ್ನಿಗೆ ನಿಂತದ್ದು ಡಾನ್ ಡೇವಿಸ್‌ನ ಗ್ರೂವ್ಸ್‌ವಿಲ್ ಸಂಸ್ಥೆ, ಧ್ವನಿಮುದ್ರಣದ ಹೊಣೆ ಜಿಮ್ ವಿಟ್ಟಿಯದು. ಹನ್ನೆರಡು ಹಾಡುಗಳ ಯೋಜನೆಯಲ್ಲಿ ಏಳು ಮುಗಿದವು. ಸಹೋದರರು ಹೇಳುವ ಪ್ರಕಾರ, ಆ ಕಾಲದ ಬಹುದೊಡ್ಡ ರೆಕಾರ್ಡ್ ಉದ್ಯಮಿ ಕ್ಲೈವ್ ಡೇವಿಸ್ ಇವರಲ್ಲಿ ಆಸಕ್ತಿ ತೋರಿಸಿದ. ಷರತ್ತು ಒಂದೇ, ಹೆಸರು ಬದಲಿಸಬೇಕು. ಡೇವಿಡ್ ಒಪ್ಪಲಿಲ್ಲ. ತಮ್ಮಂದಿರಿಗೆ ಆ ಅವಕಾಶ ಕೈಬಿಟ್ಟುಹೋಗುತ್ತಿದೆ ಎಂಬ ಸಂಕಟವಿದ್ದರೂ ಅಣ್ಣನ ಮಾತಿಗೆ ನಿಂತರು. ನೆರವು ಅಲ್ಲಿಗೆ ನಿಂತಿತು.

ಒಂದು ಸಂಗತಿಯನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು. 1976ರ ಆರಂಭದಲ್ಲಿ ಇದೇ ಡಾನ್ ಡೇವಿಸ್ ನಿರ್ಮಿಸಿದ, ಜಾನಿ ಟೇಲರ್ ಹಾಡಿದ ‘ಡಿಸ್ಕೋ ಲೇಡಿ’ ಬಿಡುಗಡೆಯಾಯಿತು. ಅಮೆರಿಕದಲ್ಲಿ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಸಿಂಗಲ್ (ಬದಿಗೊಂದು ಹಾಡಿನ ತಟ್ಟೆ) ಅದು, ಅಂದರೆ ಆಗಿನ ಲೆಕ್ಕದಲ್ಲಿ ಇಪ್ಪತ್ತು ಲಕ್ಷ ಪ್ರತಿಗಳ ಮಾರಾಟ. ಅದೇ ವರ್ಷ, ಅದೇ ಊರಿನಲ್ಲಿ, ಅದೇ ಮನುಷ್ಯನ ನೆರಳಿನಿಂದ ಹೊರಬಿದ್ದ ಇನ್ನೊಂದು ಸಿಂಗಲ್ 500 ಪ್ರತಿ. ಸಂಗೀತದ ಗುಣಕ್ಕೂ ಅಚ್ಚಿನ ಸಂಖ್ಯೆಗೂ ಸಂಬಂಧವಿಲ್ಲ ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ. ಇಲ್ಲಿ ಅದು ಲೆಕ್ಕದಲ್ಲೇ ಕಾಣುತ್ತದೆ. ಅಪರೂಪ ಎನ್ನುವುದು ತಟ್ಟೆಯ ಒಳಗಿನ ಯಾವ ಗುಣವೂ ಅಲ್ಲ. ಯಾರೋ ಎಲ್ಲೋ ‘ಬೇಡ’ ಎಂದದ್ದರ ಪರಿಣಾಮ ಅದು.

ಈಗ ಆ ತಟ್ಟೆಯ ಬಗ್ಗೆ. ಸಹೋದರರು ಮುದ್ರಿತ ಟೇಪುಗಳನ್ನು ತಮ್ಮ ಬಳಿ ಇಟ್ಟುಕೊಂಡು, ಕೈಯಿಂದ ಹಣ ಹಾಕಿ 45 ಆರ್‌ಪಿಎಂ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ, ಸಿಂಗಲ್ ಮಾಡಿಸಿದರು. ಇಂಥ ಸ್ವಂತ ಖರ್ಚಿನ ತಟ್ಟೆಯ ಹಿಂದಿನ ಕೆಲಸ ದೊಡ್ಡ ಕಂಪನಿಯ ತಟ್ಟೆಯ ಹಿಂದಿನ ಕೆಲಸದಷ್ಟೇ ಇರುತ್ತದೆ. ಟೇಪಿನಿಂದ ಲ್ಯಾಕರ್ ಲೇಪಿಸಿದ ಅಲ್ಯುಮಿನಿಯಂ ತಟ್ಟೆಯ ಮೇಲೆ ಗಾಡಿ, ಅಂದರೆ ಸದ್ದನ್ನು ಹಿಡಿದಿಡುವ ಸುರುಳಿ ಗೀರು, ಕೊರೆಯುತ್ತಾರೆ. ಅದಕ್ಕೆ ಬೆಳ್ಳಿಯ ತೆಳು ಪದರ ಹಿಡಿಸಿ, ವಿದ್ಯುತ್ತಿನಿಂದ ನಿಕ್ಕಲ್ ಏರಿಸಿ, ಅದರಿಂದ ಅಚ್ಚು ತೆಗೆಯುತ್ತಾರೆ. ಎರಡು ಅಚ್ಚುಗಳ ನಡುವೆ ಬಿಸಿ ವಿನೈಲ್ ಮುದ್ದೆಯನ್ನು ಇಟ್ಟು ಒತ್ತಿದರೆ ತಟ್ಟೆ. ನಡುವಿನ ಕಾಗದದ ಲೇಬಲ್ಲನ್ನು ಅಂಟಿಸುವುದಿಲ್ಲ, ಆ ಶಾಖಕ್ಕೇ ಅದು ವಿನೈಲಿನೊಂದಿಗೆ ಕಚ್ಚಿಕೊಳ್ಳುತ್ತದೆ. ಖರ್ಚಿನ ಬಹುಪಾಲು ಹೋಗುವುದು ಮೊದಲ ಪ್ರತಿ ಹೊರಬರುವ ಹೊತ್ತಿಗೆ. ಆಮೇಲೆ 500 ಒತ್ತಿಸಿದರೂ 5,000 ಒತ್ತಿಸಿದರೂ ಒಂದೊಂದು ಪ್ರತಿಯ ವೆಚ್ಚ ಇಳಿಯುತ್ತಲೇ ಹೋಗುತ್ತದೆ. ಆದರೆ ಕೈಯಲ್ಲಿ ಕಾಸಿಲ್ಲದವರು 500ಕ್ಕೇ ನಿಲ್ಲಿಸುತ್ತಾರೆ. ಸ್ವಂತ ಖರ್ಚಿನ ಅನೇಕ ಸಿಂಗಲ್‌ಗಳು ಇಂಥ ಸಣ್ಣ ಸಂಖ್ಯೆಯವಾಗಿರುವುದಕ್ಕೆ ಕಾರಣ ಇದು. ಆ ಸಂಖ್ಯೆಯನ್ನು ‘ಸೀಮಿತ ಆವೃತ್ತಿ’ ಎಂದು ಇಂದು ಜಾಹೀರಾತಿನಲ್ಲಿ ಹೊಗಳುವಾಗ ನನಗೆ ಬೇಸರವಾಗುತ್ತದೆ. ಅವರು ಸೀಮಿತಗೊಳಿಸಿದ್ದಲ್ಲ, ಅವರಿಗೆ ಆದದ್ದೇ ಅಷ್ಟು.

ಹಳೆಯ 45 ಒಂದು ನಿಮ್ಮ ಕೈಗೆ ಬಂದರೆ ಏನು ನೋಡಬೇಕು ಎಂದು ಹಲವರು ಕೇಳುತ್ತಾರೆ. ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ ಹಿಡಿಯಿರಿ. ಒಂದೇ ಒಂದು ಬಲ್ಬಿನ ಕೆಳಗೆ ನಿಧಾನವಾಗಿ ಓರೆ ಮಾಡಿ. ಟ್ಯೂಬ್‌ಲೈಟಿನ ಚೆಲ್ಲಿದ ಬೆಳಕಿನಲ್ಲಿ ಕೂದಲೆಳೆಯ ಗೀರುಗಳು ಅಡಗಿಕೊಳ್ಳುತ್ತವೆ. ಗಾಡಿಗಳು ಬೂದುಬಣ್ಣಕ್ಕೆ ತಿರುಗಿದ್ದರೆ ಸವೆದ ಪಿನ್ನಿನ ಕೆಳಗೆ ಅದು ಎಷ್ಟೋ ಸಲ ಸುತ್ತಿದೆ ಎಂದು ಅರ್ಥ, ಎಷ್ಟು ತೊಳೆದರೂ ಆ ಗರಗರ ಹೋಗುವುದಿಲ್ಲ. ಕೊನೆಯ ಗಾಡಿಗೂ ಲೇಬಲ್ಲಿಗೂ ನಡುವೆ ಹಾಡಿಲ್ಲದ ನುಣುಪು ಪಟ್ಟಿಯೊಂದಿರುತ್ತದೆ. ಅಲ್ಲಿ ಕೈಯಿಂದ ಗೀಚಿದ ಅಥವಾ ಮುದ್ರೆಯೊತ್ತಿದ ಅಂಕಿ, ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ. ತಟ್ಟೆಯ ಜಾತಕ ಅಲ್ಲಿದೆ. ಕೊರೆದವರು, ಅಚ್ಚು ಹಾಕಿದ ಕಾರ್ಖಾನೆ, ಎಷ್ಟನೆಯ ಅಚ್ಚು ಎಂಬುದೆಲ್ಲ ಗೊತ್ತಾಗುವುದು ಅಲ್ಲಿಂದಲೇ. ಖೋಟಾ ಪ್ರತಿ ಮಾಡುವವರು ಲೇಬಲ್ಲನ್ನು ಚೆನ್ನಾಗಿಯೇ ನಕಲಿಸುತ್ತಾರೆ, ಈ ಪಟ್ಟಿಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಖೋಟಾ ತಟ್ಟೆಯನ್ನು ಎಷ್ಟೋ ಸಲ ಇನ್ನೊಂದು ತಟ್ಟೆಯನ್ನು ನುಡಿಸಿಯೇ ಕೊರೆದಿರುವುದರಿಂದ, ಹಾಡು ಶುರುವಾಗುವ ಮೊದಲೇ ಬೇರೊಂದು ತಟ್ಟೆಯ ಚಟಚಟ ಸದ್ದು ಕೇಳುವುದೂ ಉಂಟು. ಇನ್ನೊಂದು ಮಾತು: ಅಮೆರಿಕದ 45ರ ನಡುವಿನ ತೂತು ದೊಡ್ಡದು, ಸುಮಾರು 38 ಮಿಲಿಮೀಟರ್. ಅಡಾಪ್ಟರ್ ಇಲ್ಲದೆ ನುಡಿಸಲು ಹೋಗಬೇಡಿ. ಸ್ವಲ್ಪ ಓರೆಯಾಗಿ ಕುಳಿತರೂ ಶ್ರುತಿ ಅಲೆಯಂತೆ ಏರಿಳಿಯುತ್ತದೆ.

ಮತ್ತೆ ಕಥೆಗೆ ಬರುತ್ತೇನೆ. 1977ರ ಹೊತ್ತಿಗೆ ಬ್ಯಾಂಡ್ ಮುಗಿದಿತ್ತು. ಸಹೋದರರು ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ನಿಗೆ ಹೋಗಿ ದ ಫೋರ್ತ್ ಮೂವ್‌ಮೆಂಟ್ ಎಂಬ ಹೆಸರಿನಲ್ಲಿ 1980 ಮತ್ತು 1982ರಲ್ಲಿ ಎರಡು ಭಕ್ತಿಪರ ರಾಕ್ ಆಲ್ಬಂ ತಂದರು. 1982ರಲ್ಲಿ ಡೇವಿಡ್ ಡೆಟ್ರಾಯಿಟಿಗೆ ಮರಳಿದ. ಬಾಬಿ, ಡ್ಯಾನಿಸ್ ಅಲ್ಲೇ ಉಳಿದು ಲ್ಯಾಂಬ್ಸ್‌ಬ್ರೆಡ್ ಎಂಬ ರೆಗೇ ತಂಡ ಕಟ್ಟಿ ಸಂಸಾರಸ್ಥರಾದರು. 2000ದಲ್ಲಿ ಡೇವಿಡ್ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಸಾಯುವ ಮುನ್ನ 1975ರ ಮಾಸ್ಟರ್ ಟೇಪುಗಳನ್ನು ಬಾಬಿಯ ಕೈಗೆ ಒಪ್ಪಿಸಿ, ಒಂದು ದಿನ ಜಗತ್ತು ಇವನ್ನು ಕೇಳಿಕೊಂಡು ಬರುತ್ತದೆ, ಜೋಪಾನವಾಗಿಟ್ಟಿರು ಎಂದು ಹೇಳಿದ್ದ. ಬಾಬಿ ಅವನ್ನು ಅಟ್ಟದ ಮೇಲೆ ಇಟ್ಟ. ಮಕ್ಕಳಿಗೂ ಈ ಬ್ಯಾಂಡಿನ ವಿಷಯ ಹೇಳಲಿಲ್ಲ.

ಆ ಮೌನ ಮುರಿದದ್ದು ತಟ್ಟೆ ಸಂಗ್ರಹಿಸುವವರಿಂದ. ಚೆದುರಿದ್ದ 500ರಲ್ಲಿ ಒಂದೊಂದು ಪ್ರತಿ ಹಳೆಯ ತಟ್ಟೆಗಳ ರಾಶಿಯಲ್ಲಿ ಸಿಕ್ಕಿತು. ಸಿಕ್ಕವರು ಬೆರಗಾಗಿ ಗೆಳೆಯರಿಗೆ ಕೇಳಿಸಿದರು. ಬೆಲೆ ನೂರಾರು ಡಾಲರಿಗೆ ಏರಿತು. ಕೆಲವರು ಹಾಡನ್ನು ಡಿಜಿಟಲ್‌ಗೆ ಇಳಿಸಿ ಅಂತರ್ಜಾಲದಲ್ಲಿ ಹಂಚಿದರು, ಪಾರ್ಟಿಗಳಲ್ಲಿ ನುಡಿಸಿದರು. 2008ರಲ್ಲಿ ಬಾಬಿಯ ಗಂಡುಮಕ್ಕಳು ಆ ಹಾಡು ಕೇಳಿ, ಇದು ಅಪ್ಪನ ದನಿ ಎಂದು ಗುರುತು ಹಿಡಿದರು. ತಂದೆಯನ್ನು ಕೇಳಿದರು. ಟೇಪು ಅಟ್ಟದಿಂದ ಇಳಿಯಿತು. ಶಿಕಾಗೋದ ಡ್ರ್ಯಾಗ್ ಸಿಟಿ ಎಂಬ ಸ್ವತಂತ್ರ ಲೇಬಲ್ 2009ರಲ್ಲಿ ಏಳೂ ಹಾಡುಗಳನ್ನು ‘ಫಾರ್ ದ ಹೋಲ್ ವರ್ಲ್ಡ್ ಟು ಸೀ’ ಎಂಬ ಆಲ್ಬಂ ಆಗಿ ಹೊರತಂದಿತು. ಮಕ್ಕಳು ದೊಡ್ಡಪ್ಪನ ಹಾಡುಗಳನ್ನು ನುಡಿಸಲೆಂದೇ ಒಂದು ಬ್ಯಾಂಡ್ ಕಟ್ಟಿ ಅದಕ್ಕೆ ರಫ್ ಫ್ರಾನ್ಸಿಸ್ ಎಂದು ಹೆಸರಿಟ್ಟರು. ಡೇವಿಡ್ ಕೊನೆಯ ದಿನಗಳಲ್ಲಿ ತನಗೆ ತಾನೇ ಇಟ್ಟುಕೊಂಡಿದ್ದ ಹೆಸರದು.

ಇಲ್ಲಿ ಸಂಗ್ರಹಕಾರರಲ್ಲಿ ಎರಡು ಬಗೆಯವರನ್ನು ಕಾಣುತ್ತೇನೆ. ತಟ್ಟೆ ಸಿಕ್ಕಿದ ಕೂಡಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಬೆಲೆ ಏರುವುದನ್ನು ಕಾಯುವವರು ಒಂದು ಬಗೆ. ಸಿಕ್ಕಿದ್ದನ್ನು ನಾಲ್ಕು ಜನಕ್ಕೆ ಕೇಳಿಸದೆ ನಿದ್ದೆ ಬಾರದವರು ಇನ್ನೊಂದು ಬಗೆ. ಮೊದಲ ಬಗೆಯವರೇ ಎಲ್ಲ ಪ್ರತಿಗಳನ್ನೂ ಕೊಂಡಿದ್ದರೆ ಆ ಮಕ್ಕಳ ಕಿವಿಗೆ ತಂದೆಯ ದನಿ ಬೀಳುತ್ತಿರಲಿಲ್ಲ. ಹಾಗೆಂದು ಹಂಚಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಹಳೆಯ ತಟ್ಟೆ ಕೈಯಿಂದ ಕೈಗೆ ನೂರಾರು ಡಾಲರಿಗೆ ಹೋದಾಗ ಹಾಡಿದವರಿಗೆ ಅದರಲ್ಲಿ ಒಂದು ಕಾಸೂ ಸೇರುವುದಿಲ್ಲ. ಅವರಿಗೆ ಪಾಲು ಸಿಗುವುದು ಒಪ್ಪಂದ ಮಾಡಿಕೊಂಡು ತಂದ ಮರುಬಿಡುಗಡೆಯಿಂದ. ನಾನು ಮರಣೋತ್ತರ ತಟ್ಟೆಗಳ ಪರ ನಿಲ್ಲುವುದಕ್ಕೆ ಇದೂ ಒಂದು ಕಾರಣ.

2009ರ ಆ ಆಲ್ಬಮ್ಮಿನ ಹಾಡುಗಳ ಕ್ರಮವನ್ನು ಗಮನಿಸಿ. ಮೊದಲ ಹಾಡು ‘ಕೀಪ್ ಆನ್ ನಾಕಿಂಗ್’, ಅಂದರೆ 45ರ ಹಿಂಬದಿ. ಕೊನೆಯದು ‘ಪಾಲಿಟೀಷಿಯನ್ಸ್ ಇನ್ ಮೈ ಐಸ್’, ಅಂದರೆ 45ರ ಮುಂಬದಿ. ನಡುವಿನ ಐದು ಹಾಡುಗಳು 34 ವರ್ಷ ಯಾರೂ ಕೇಳದೆ ಬಿದ್ದಿದ್ದವು. ಸಂಗ್ರಹಕಾರರು ಎಷ್ಟು ಹಣ ಸುರಿದರೂ ಆ ಐದು ಹಾಡುಗಳು ಅವರಿಗೆ ಸಿಗುತ್ತಿರಲಿಲ್ಲ, ಏಕೆಂದರೆ ಅವು ಯಾವ ತಟ್ಟೆಯ ಮೇಲೂ ಇರಲಿಲ್ಲ. ‘ರಾಕ್ ಎನ್ ರೋಲ್ ವಿಕ್ಟಿಮ್’ ಮೂರು ನಿಮಿಷವೂ ಇಲ್ಲದ ಹಾಡು, ಉಸಿರು ತೆಗೆದುಕೊಳ್ಳಲು ಬಿಡುವುದಿಲ್ಲ. ‘ಲೆಟ್ ದ ವರ್ಲ್ಡ್ ಟರ್ನ್’ ಅದರ ತದ್ವಿರುದ್ಧ. ಮಂದವಾಗಿ, ಕನಸಿನ ಗುಂಗಿನಲ್ಲಿ ಶುರುವಾಗಿ, ಆಮೇಲೆ ಸಿಡಿದು, ಡ್ಯಾನಿಸ್‌ನ ಡ್ರಮ್ಸ್‌ಗೆ ಜಾಗ ಬಿಟ್ಟುಕೊಡುತ್ತದೆ. ಇವೆರಡನ್ನೂ ಒಟ್ಟಿಗೆ ಕೇಳಿದಾಗಲೇ ಡೇವಿಡ್‌ನ ಮನಸ್ಸಿನಲ್ಲಿದ್ದದ್ದು ಒಂದು ಪೂರ್ಣ ಆಲ್ಬಂ ಎಂಬುದು ತಿಳಿಯುವುದು. 45 ಮಾತ್ರ ಕೇಳಿದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಒಟ್ಟು ಅವಧಿ ಅರ್ಧ ಗಂಟೆಗೂ ಕಡಿಮೆ. ಇದೆಲ್ಲ ಮುದ್ರಣವಾದದ್ದು ನ್ಯೂಯಾರ್ಕಿನ ಹೆಸರಾಂತ ಪಂಕ್ ತಂಡ ರಾಮೋನ್ಸ್‌ನ ಮೊದಲ ಆಲ್ಬಂ 1976ರ ಏಪ್ರಿಲ್‌ನಲ್ಲಿ ಹೊರಬರುವುದಕ್ಕೂ ಮೊದಲು.

‘ಪಾಲಿಟೀಷಿಯನ್ಸ್’ ಹಾಡು ಯುದ್ಧಕ್ಕೆ ಹುಡುಗರನ್ನು ಅಟ್ಟಿದ ರಾಜಕಾರಣಿಗಳ ಮೇಲಿನ ಸಿಟ್ಟು. ವಿಯೆಟ್ನಾಂ ಯುದ್ಧ ಡೆಟ್ರಾಯಿಟಿನ ಬಡ ಮನೆಗಳ ಮಕ್ಕಳನ್ನು ಹೊತ್ತೊಯ್ದ ಕಾಲವದು. ಬಾಬಿಯ ದನಿಯಲ್ಲಿ ಬೇಡಿಕೆಯಿಲ್ಲ, ನೇರವಾದ ಆಪಾದನೆ ಇದೆ. ಡೇವಿಡ್‌ನ ಗಿಟಾರ್ ಅದರ ಕೆಳಗೆ ಕತ್ತರಿಸಿದ ಹಾಗೆ ಬೀಳುತ್ತದೆ, ಡ್ರಮ್ಸ್ ಓಡುತ್ತಲೇ ಇರುತ್ತದೆ. ಒಳ್ಳೆಯ ಟರ್ನ್‌ಟೇಬಲ್ಲಿನಲ್ಲಿ, ಸ್ವಲ್ಪ ಗಟ್ಟಿಯಾಗಿಯೇ ಹಾಕಿ ಕೇಳಿ. ನಿರಾಕರಿಸಿದ್ದು ಹೆಸರಿಗಾಗಿ, ಸಂಗೀತದ ಕೊರತೆಗಾಗಿ ಅಲ್ಲ ಎಂಬುದು ನಿಮಗೇ ತಿಳಿಯುತ್ತದೆ.

ಆಮೇಲಿನ ತಟ್ಟೆಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟು ನಿಸ್ಸಂದಿಗ್ಧವಾಗಿಲ್ಲ. 2011ರಲ್ಲಿ ‘ಸ್ಪಿರಿಚುವಲ್ ಮೆಂಟಲ್ ಫಿಸಿಕಲ್’ ಬಂದಿತು. ಅದರಲ್ಲಿರುವುದು ಅಭ್ಯಾಸದ ಕಾಲದ ಕಚ್ಚಾ ಮುದ್ರಣಗಳು. ಧ್ವನಿ ಮಸುಕು, ಅಂಚುಗಳು ಹರಿದ ಹಾಗೆ. ಅದನ್ನು ಹೊರತರಬಾರದಿತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫಂಕ್ ನುಡಿಸುತ್ತಿದ್ದ ಹುಡುಗರು ಇನ್ನೇನೋ ಆಗುತ್ತಿರುವುದನ್ನು ಕಿವಿಯಾರೆ ಕೇಳಬಹುದಾದ ಸ್ಥಳ ಅದು. 2014ರ ‘ಡೆತ್ ತ್ರೀ’ ನಂತರದ ವರ್ಷಗಳ ತುಣುಕುಗಳನ್ನೂ ಸೇರಿಸಿಕೊಂಡಿದೆ. ಅದನ್ನು ಕಟ್ಟಾ ಅಭಿಮಾನಿಗಳಿಗೆ ಬಿಡುತ್ತೇನೆ. ಬಾಬಿ ಮತ್ತು ಡ್ಯಾನಿಸ್ 2009ರಲ್ಲಿ ಲ್ಯಾಂಬ್ಸ್‌ಬ್ರೆಡ್‌ನ ಗಿಟಾರ್ ವಾದಕ ಬಾಬಿ ಡಂಕನ್ ಜೊತೆ ಸೇರಿ ಮತ್ತೆ ವೇದಿಕೆ ಹತ್ತಿದರು, 2015ರಲ್ಲಿ ಹೊಸ ಆಲ್ಬಮ್ಮೂ ಬಂದಿತು. ಅದು ಬದುಕಿರುವ ಬ್ಯಾಂಡಿನ ಕೆಲಸ, ಇವತ್ತಿನ ಮಾತಿನ ಹೊರಗಿನದು. ಇವರ ಕಥೆಯನ್ನು ಹೇಳುವ ‘ಎ ಬ್ಯಾಂಡ್ ಕಾಲ್ಡ್ ಡೆತ್’ ಎಂಬ 2012ರ ಸಾಕ್ಷ್ಯಚಿತ್ರವಿದೆ, ಅಣ್ಣನ ಬಗ್ಗೆ ತಮ್ಮಂದಿರು ಮಾತನಾಡುವುದನ್ನು ಅದರಲ್ಲಿ ನೋಡಬೇಕು.

ಇದೇ ಪೀಳಿಗೆಯ ಬೇರೆ ಬ್ಯಾಂಡುಗಳನ್ನು ನೋಡಿದರೂ ಮರಣೋತ್ತರ ತಟ್ಟೆಗಳದೇ ಮೇಲುಗೈ. 1964ರ ಫೆಬ್ರವರಿ 9ರಂದು ಹ್ಯಾಕ್ನಿ ಮಕ್ಕಳು ಬೀಟಲ್ಸ್ ನೋಡಿದರು ಎಂದೆ. ಸರಿಯಾಗಿ ಹತ್ತು ವರ್ಷದ ನಂತರ, 1974ರ ಫೆಬ್ರವರಿ 9ರಂದು, ಅದೇ ಡೆಟ್ರಾಯಿಟಿನ ಮಿಶಿಗನ್ ಪ್ಯಾಲೇಸ್‌ನಲ್ಲಿ ಸ್ಟೂಜಸ್ ಒಡೆದುಹೋಗುವ ಮುನ್ನ ತಮ್ಮ ಕೊನೆಯ ಕಚೇರಿ ನಡೆಸಿದರು. ಸಭಿಕರು ಬಾಟಲಿ, ಮೊಟ್ಟೆ ಎಸೆದರು. ಆ ರಾತ್ರಿಯ ಟೇಪಿನ ಭಾಗವಿರುವ ‘ಮೆಟಾಲಿಕ್ ಕೆಒ’ 1976ರಲ್ಲಿ ಫ್ರಾನ್ಸಿನ ಸ್ಕೈಡಾಗ್ ಲೇಬಲ್ಲಿನಿಂದ ಬಂದು ಪಂಕ್ ಹುಡುಗರ ಪಠ್ಯವೇ ಆಯಿತು. 1926ರಲ್ಲಿ ಕಟ್ಟಿದ ಆ ವೈಭವದ ರಂಗಮಂದಿರ ಇಂದು ಕಾರು ನಿಲ್ಲಿಸುವ ಜಾಗ, ಮೇಲ್ಛಾವಣಿಯ ಕೆತ್ತನೆ ಈಗಲೂ ಉಳಿದಿದೆ. ಕ್ಲೀವ್‌ಲ್ಯಾಂಡಿನ ರಾಕೆಟ್ ಫ್ರಮ್ ದ ಟೂಂಬ್ಸ್ ಎಂಬ ಬ್ಯಾಂಡ್ 1974-75ರಲ್ಲಿ ಒಂದೇ ಒಂದು ತಟ್ಟೆಯನ್ನೂ ತರದೆ ಒಡೆದುಹೋಯಿತು. ಅದರ ತುಂಡುಗಳಿಂದ ಪೆರೆ ಊಬು, ಡೆಡ್ ಬಾಯ್ಸ್ ಎಂಬ ಬ್ಯಾಂಡುಗಳು ಹುಟ್ಟಿದವು. ದಶಕಗಳ ಕಾಲ ಕಳ್ಳಪ್ರತಿಗಳಲ್ಲಿ ಓಡಾಡಿದ ಅವರ ಮುದ್ರಣಗಳು ಅಧಿಕೃತವಾಗಿ ಬಂದದ್ದು 2002ರಲ್ಲಿ. ಅವರ ವಿಷಯದಲ್ಲಿ ‘ಮೂಲ ಅಚ್ಚು’ ಎಂಬ ವಸ್ತುವೇ ಇಲ್ಲ.

ಬೆಲೆಯ ಹುಚ್ಚಿಗೆ ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ಬ್ಯಾಂಡ್ 1966ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸೆಪ್ಟರ್ ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡುಗಳ ಪರೀಕ್ಷಾರ್ಥ ಅಸಿಟೇಟ್ ತಟ್ಟೆ 2002ರಲ್ಲಿ ರಸ್ತೆಬದಿಯ ಮಾರಾಟದಲ್ಲಿ 75 ಸೆಂಟಿಗೆ ಸಿಕ್ಕಿತು. 2006ರ ಆನ್‌ಲೈನ್ ಹರಾಜಿನಲ್ಲಿ ಕೂಗು 1,55,401 ಡಾಲರಿಗೆ ಏರಿ, ಅದು ಹುಸಿ ಕೂಗೆಂದು ತಿಳಿದು, ಮರುಹರಾಜಿನಲ್ಲಿ 25,200 ಡಾಲರಿಗೆ ಹೋಯಿತು. ಅಸಿಟೇಟ್ ಎಂದರೆ ನಾನು ಆಗ ಹೇಳಿದ ಲ್ಯಾಕರ್ ತಟ್ಟೆಯ ಜಾತಿ. ನುಡಿಸಿದಷ್ಟೂ ಸವೆಯುತ್ತದೆ. ಅದರ ನಿಜವಾದ ಸದ್ಗತಿ ಎಂದರೆ ಒಮ್ಮೆ ಚೆನ್ನಾಗಿ ನುಡಿಸಿ ಡಿಜಿಟಲ್‌ಗೆ ಇಳಿಸುವುದು. ಆ ಹಾಡುಗಳು 2012ರಲ್ಲಿ ಬಂದ ಅಧಿಕೃತ ಆಲ್ಬಂ ಪೆಟ್ಟಿಗೆಯಲ್ಲಿ (ಬಾಕ್ಸ್ ಸೆಟ್) ಎಲ್ಲರಿಗೂ ದೊರಕಿದ್ದೇ ನನಗೆ 25,200ಕ್ಕಿಂತ ದೊಡ್ಡ ಸುದ್ದಿ.

ಟೇಪಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಮರಣೋತ್ತರ ತಟ್ಟೆಗಳೆಲ್ಲ ನಿಂತಿರುವುದು ಅದರ ಮೇಲೆ. 1970ರ ದಶಕದ ನಡುವಿನಿಂದ ಬಂದ ಹಲವು ಅಮೆರಿಕನ್ ಸ್ಟುಡಿಯೋ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ನುಡಿಸಿದರೆ ಪುಡಿ ಉದುರಿ, ಹಾಡು ಯಂತ್ರದ ತಲೆಗೆ ಮೆತ್ತಿಕೊಂಡು ಶಾಶ್ವತವಾಗಿ ಹೋಗುತ್ತದೆ. ಅಂಥ ಟೇಪನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್‌ನ ಹದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ತೇವ ಆರಿಸಿದರೆ ಕೆಲವು ವಾರಗಳ ಮಟ್ಟಿಗೆ ನುಡಿಸಬಹುದು. ಆ ಅವಧಿಯಲ್ಲೇ ಪ್ರತಿ ಮಾಡಿಕೊಳ್ಳಬೇಕು. ಅಟ್ಟ ಟೇಪಿಗೆ ಒಳ್ಳೆಯ ಜಾಗವಲ್ಲ, ಬೇಸಿಗೆಯಲ್ಲಿ ಕಾಯುತ್ತದೆ, ಚಳಿಗಾಲದಲ್ಲಿ ಕೊರೆಯುತ್ತದೆ. ಡೇವಿಡ್ ಕೊಟ್ಟ ಟೇಪು ಉಳಿದದ್ದು ದೊಡ್ಡ ಭಾಗ್ಯ. ನಿಮ್ಮ ಮನೆಗಳಲ್ಲಿ ತಾತನ ಕಾಲದ ನಾಟಕದ ಹಾಡೋ ಹರಿಕಥೆಯೋ ಇರುವ ಸ್ಪೂಲ್ ಟೇಪು ಇದ್ದರೆ, ಕುತೂಹಲಕ್ಕೆಂದು ಹಳೆಯ ಯಂತ್ರಕ್ಕೆ ಹಾಕಿ ನೋಡಬೇಡಿ. ಬಲ್ಲವರ ಕೈಗೆ ಕೊಡಿ.

ತಟ್ಟೆಗೂ ನಮ್ಮ ಹವೆ ಕಷ್ಟವೇ. ಮಂಗಳೂರು, ಉಡುಪಿ, ಆಗುಂಬೆಯ ಕಡೆ ಮಳೆಗಾಲದಲ್ಲಿ ರಟ್ಟಿನ ಹೊದಿಕೆಗೆ ಬೂಷ್ಟು ಹಿಡಿಯುತ್ತದೆ, ಅಲ್ಲಿಂದ ಗಾಡಿಗಳಿಗೆ ಇಳಿಯುತ್ತದೆ. ತಟ್ಟೆಗಳನ್ನು ನಿಲ್ಲಿಸಿಯೇ ಇಡಿ, ಗೋಡೆಗೆ ತಾಗಿಸಬೇಡಿ. ಮೃದು ಪಿವಿಸಿ ಕವರುಗಳನ್ನು ಕಿತ್ತೆಸೆಯಿರಿ. ಅವು ವರ್ಷಗಳು ಕಳೆದಂತೆ ವಿನೈಲಿನೊಂದಿಗೆ ಪ್ರತಿಕ್ರಿಯಿಸಿ ಮಂಜು ಕವಿದಂಥ ಕಲೆ ಬಿಡುತ್ತವೆ. ಪಾಲಿಥೀನ್ ಒಳಹೊದಿಕೆ ಸಾಕು, ಅಗ್ಗವೂ ಹೌದು.

ಮಾತು ಮುಗಿದ ಮೇಲೆ ಸಭಿಕರೊಬ್ಬರು, ಇವರ ತಟ್ಟೆಗಳನ್ನು ಈಗ ಸಂಗ್ರಹಿಸಲು ಹೊರಟವರು ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರು. 2009ರ ಆಲ್ಬಮ್ಮಿನಿಂದ ಎಂದೆ. ಅದು ಇನ್ನೂ ಕೈಗೆಟಕುವ ಬೆಲೆಗೆ ಸಿಗುತ್ತದೆ, ಅದರ ಹಣದಲ್ಲಿ ಪಾಲು ಹ್ಯಾಕ್ನಿ ಕುಟುಂಬಕ್ಕೆ ಹೋಗುತ್ತದೆ. ಅದನ್ನು ಕೇಳಿ ಮನಸ್ಸು ತುಂಬಿದ ಮೇಲೆ 2011ರ ಅಭ್ಯಾಸ ಮುದ್ರಣಗಳು. ಆಮೇಲೆ ರಫ್ ಫ್ರಾನ್ಸಿಸ್ ತಂಡದ ತಟ್ಟೆಗಳು, ಏಕೆಂದರೆ ಮಕ್ಕಳ ಕೈಯಲ್ಲಿ ಆ ಸಂಗೀತ ಏನಾಯಿತು ಎಂಬುದೂ ಈ ಕಥೆಯ ಭಾಗ. ಹಾಗಾದರೆ 1976ರ 45 ಬೇಡವೇ ಎಂದು ಅವರು ಮತ್ತೆ ಕೇಳಿದರು. ಸಿಕ್ಕರೆ, ಹಣವಿದ್ದರೆ ಕೊಳ್ಳಿ. ನುಣುಪು ಪಟ್ಟಿಯ ಬರಹವನ್ನು ಫೋಟೋ ತೆಗೆದು ಬಲ್ಲವರಿಗೆ ತೋರಿಸಿ, ಖೋಟಾ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕೊಂಡ ಮೇಲೆ ನಮ್ಮನ್ನೆಲ್ಲ ಕರೆದು ಎರಡೂ ಬದಿ ನುಡಿಸಿ ಎಂದೆ. ಮುಂದಿನ ಸಲ ಸೇರಿದಾಗ ಏಳೂ ಹಾಡುಗಳನ್ನು ಒಂದೇ ಸಲಕ್ಕೆ ಕೇಳುವುದೆಂದು ಅಲ್ಲೇ ತೀರ್ಮಾನವಾಯಿತು.